ಮಂಗಳ ಗ್ರಹದ ಆಲೂಗಡ್ಡೆಗೆ ಮಣ್ಣು ಏರಿಸಿದವರು ಯಾರು?

ವೈಜ್ಞಾನಿಕ ಕಾದಂಬರಿಯಾಗಲಿ, ಫ್ಯಾಂಟಸಿಯಾಗಲಿ, ಬರೆಯುವವರಿಗೆ ಒಂದು ದೊಡ್ಡ ಸುಳ್ಳು ಹೇಳುವ ಹಕ್ಕಿದೆ. ಅದೊಂದನ್ನು ನಾವು ಒಪ್ಪಿಕೊಂಡ ಮೇಲೆ ಉಳಿದದ್ದೆಲ್ಲ ಲೆಕ್ಕಕ್ಕೆ ಸಿಗಬೇಕು. ನೀರು ಎಲ್ಲಿಂದ ಬಂತು, ಊಟ ಎಷ್ಟು ದಿನಕ್ಕೆ ಬರುತ್ತದೆ, ಮಂತ್ರ ಹಾಕಿದರೆ ನಷ್ಟ ಯಾರಿಗೆ? ಈಚೆಗೆ ಓದಿದ ಕೆಲವು ಇಂಗ್ಲಿಷ್ ಕಾದಂಬರಿಗಳನ್ನು ಈ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೇನೆ.

ಮೊದಲು ಆಂಡಿ ವಿಯರ್ ಬರೆದ 'ದಿ ಮಾರ್ಷಿಯನ್'. ಹಾಸನ ಜಿಲ್ಲೆಯವರು ಇದನ್ನು ಓದಲೇಬೇಕು, ಏಕೆಂದರೆ ಕಥೆಯ ಜೀವ ಇರುವುದೇ ಆಲೂಗಡ್ಡೆ ಬೇಸಾಯದಲ್ಲಿ. ಮಂಗಳದಲ್ಲಿ ಒಂಟಿಯಾಗಿ ಉಳಿದ ಮಾರ್ಕ್ ವಾಟ್ನಿ ಸಸ್ಯವಿಜ್ಞಾನಿ. ಪ್ರತಿ ಹೋಳಿನಲ್ಲಿ ಕನಿಷ್ಠ ಎರಡು ಕಣ್ಣು ಇರುವಂತೆ ಗಡ್ಡೆ ಕೊಯ್ಯುತ್ತಾನೆ, ಕೊಯ್ದ ಮುಖ ಗಟ್ಟಿಯಾಗಲೆಂದು ಕೆಲವು ಗಂಟೆ ಬಿಟ್ಟು ಆಮೇಲೆ ನೆಡುತ್ತಾನೆ. ಇದು ಸರಿಯಾದ ಕ್ರಮವೇ. ನಮ್ಮಲ್ಲಿ ಮುಂಗಾರಿನ ತೇವದ ಮಣ್ಣಿಗೆ ಹಸಿ ಹೋಳು ಹಾಕಿದರೆ ಕೊಳೆಯುತ್ತದೆ. ಅದಕ್ಕೇ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕದ ದ್ರಾವಣದಲ್ಲಿ ಅದ್ದಿ, ನೆರಳಲ್ಲಿ ಹರಡಿ, ಗಾಯ ಮಾಯಲು ಒಂದೆರಡು ದಿನ ಕೊಡುತ್ತಾರೆ. ಮಂಗಳದ ಮಣ್ಣಿನಲ್ಲಿ ರೋಗಾಣು ಇಲ್ಲದ್ದರಿಂದ ಅವನಿಗೆ ಗಂಟೆಗಳೇ ಸಾಕು. ಅಂಗಮಾರಿ ರೋಗದ ಭಯವೂ ಇಲ್ಲ.

ಊಟದ ಲೆಕ್ಕವನ್ನೂ ಹಾಕಿ ನೋಡಬಹುದು. ಅವನ ಹೊಲ ಸುಮಾರು 126 ಚದರ ಮೀಟರ್. ಚದರ ಮೀಟರಿಗೆ 2 ಕೆಜಿ, ಅಂದರೆ ಹೆಕ್ಟೇರಿಗೆ 20 ಟನ್ ಇಳುವರಿ ಅಂತ ಇಟ್ಟುಕೊಂಡರೆ ಒಂದು ಬೆಳೆಗೆ 250 ಕೆಜಿ. ಒಂದು ಕೆಜಿಯಲ್ಲಿ ಸುಮಾರು 770 ಕಿಲೋಕ್ಯಾಲೊರಿ. ದಿನಕ್ಕೆ 1500ರಲ್ಲಿ ಜೀವ ಹಿಡಿದರೆ 2 ಕೆಜಿ ಬೇಕು. ಮೂರು ತಿಂಗಳ ಬೆಳೆಯಿಂದ ನಾಲ್ಕು ತಿಂಗಳ ಊಟ. ಲೆಕ್ಕ ಕೂಡುತ್ತದೆ, ಓದುವಾಗ ಬರುವ ಧೈರ್ಯಕ್ಕೆ ಇದೇ ಕಾರಣ.

ಎಡವಿರುವುದು ಬೇರೆ ಕಡೆ. ಮಣ್ಣು ಹರಡುವುದು 10 ಸೆಂ.ಮೀ. ದಪ್ಪಕ್ಕೆ. ಆಲೂಗಡ್ಡೆ ಬಿತ್ತಿದ ಹೋಳಿಗಿಂತ ಮೇಲೆ, ಕಾಂಡದ ಬುಡದಿಂದ ಹೊರಡುವ ಬಳ್ಳಿಯ ತುದಿಯಲ್ಲಿ ಗಡ್ಡೆ ಕಟ್ಟುತ್ತದೆ. ಅದಕ್ಕೇ ನಮ್ಮವರು ತಿಂಗಳೊಪ್ಪತ್ತಿನಲ್ಲಿ ಸಾಲಿಗೆ ಮಣ್ಣು ಏರಿಸುವುದು. ಏರಿಸದಿದ್ದರೆ ಬೆಳಕು ಬಿದ್ದ ಗಡ್ಡೆ ಹಸಿರಾಗಿ ಸೋಲನಿನ್ ಎಂಬ ವಿಷ ತುಂಬಿಕೊಳ್ಳುತ್ತದೆ. ಸದಾ ದೀಪ ಉರಿಯುವ ಆ ಕೋಣೆಯಲ್ಲಿ ಅಷ್ಟು ತೆಳು ಮಣ್ಣು ಸಾಲದು. ಇನ್ನೊಂದು, ಬೆಳೆದದ್ದನ್ನೇ ಮತ್ತೆ ನೆಟ್ಟು ಗಿಡ ಹೆಚ್ಚಿಸುತ್ತಾನೆ. ಹೊಸದಾಗಿ ಕಿತ್ತ ಗಡ್ಡೆ ವಾರಗಟ್ಟಲೆ ನಿದ್ದೆಯಲ್ಲಿರುತ್ತದೆ, ಕೂಡಲೇ ಮೊಳೆಯುವುದಿಲ್ಲ. ಬಿತ್ತನೆ ಗಡ್ಡೆಯನ್ನು ಜಲಂಧರ್ ಕಡೆಯಿಂದ ತರಿಸುವ ಊರಿನವರು ಈ ಪುಟವನ್ನು ಸುಮ್ಮನೆ ದಾಟಲಾರರು. ಮೂರನೆಯದು ಪರ್‌ಕ್ಲೋರೇಟ್. ಮಂಗಳದ ಮಣ್ಣಿನಲ್ಲಿ ಈ ಲವಣ ಇದೆಯೆಂದು ಫೀನಿಕ್ಸ್ ನೌಕೆ 2008ರಲ್ಲೇ ತೋರಿಸಿತ್ತು. ಥೈರಾಯ್ಡ್ ಕೆಡಿಸುವ ವಸ್ತು ಅದು. ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಮಣ್ಣು ತೊಳೆದರೆ ಹೋಗುತ್ತದೆ. ತೊಳೆಯುವ ಒಂದು ಪ್ಯಾರಾ ಸೇರಿಸಿದ್ದರೆ ಕಥೆಗೆ ಇನ್ನೊಂದು ಒಳ್ಳೆಯ ಸಂಕಟ ಸಿಗುತ್ತಿತ್ತು.

ನೀರು ಮಾಡುವ ಭಾಗ ಮಾತ್ರ ಅದ್ಭುತ. ಉಳಿದ ಹೈಡ್ರಜೀನ್ ಇಂಧನವನ್ನು ಇರಿಡಿಯಂ ಮೇಲೆ ಹಾಯಿಸಿ ಹೈಡ್ರೋಜನ್ ಬಿಡಿಸಿ, ಅದನ್ನು ಸುಟ್ಟು ನೀರು ಮಾಡುತ್ತಾನೆ. ಸ್ಫೋಟವಾಗುವುದು ಅವನು ಉಸಿರು ಬಿಟ್ಟಾಗ ಹೊರಬರುವ ಆಮ್ಲಜನಕವನ್ನು ಲೆಕ್ಕಕ್ಕೆ ಹಿಡಿಯದೆ ಹೋದದ್ದರಿಂದ. ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದ ನಿಯಂತ್ರಿಸುವ ಉಪಗ್ರಹಗಳಲ್ಲೂ ಇದೇ ಕುಟುಂಬದ ಇಂಧನ ಬಳಕೆಯಾಗುತ್ತದೆ. ಸೂರ್ಯ, ಚಂದ್ರರ ಸೆಳೆತಕ್ಕೆ ವಾಲುವ ಕಕ್ಷೆಯನ್ನು ತಿದ್ದಲು ಅದು ಬೇಕು, ಮುಗಿದರೆ ಉಪಗ್ರಹದ ಆಯಸ್ಸೂ ಮುಗಿಯಿತು. ಕಾದಂಬರಿಯ ಆರಂಭದ ಬಿರುಗಾಳಿಯೇ ದೊಡ್ಡ ಸುಳ್ಳು. ಗಂಟೆಗೆ 175 ಕಿ.ಮೀ. ವೇಗವಿದ್ದರೂ ಮಂಗಳದ ಗಾಳಿ ಭೂಮಿಯದಕ್ಕಿಂತ ಸುಮಾರು 60 ಪಟ್ಟು ತೆಳು. ಮೈಗೆ ತಾಗುವುದು ಇಲ್ಲಿನ 22 ಕಿ.ಮೀ. ಗಾಳಿಯಷ್ಟೇ, ಅದು ರಾಕೆಟ್ ಬೀಳಿಸಲಾರದು. ಲೇಖಕರು ಗೊತ್ತಿದ್ದೇ ಬರೆದದ್ದಾಗಿ ಒಪ್ಪಿಕೊಂಡಿದ್ದಾರೆ, ಹಾಗಾಗಿ ಆ ಒಂದು ಸುಳ್ಳಿನ ಹಕ್ಕು ಅವರಿಗೆ ಸಂದಿದೆ.

ಅವರದೇ 'ಪ್ರಾಜೆಕ್ಟ್ ಹೇಲ್ ಮೇರಿ' (2021) ಇದಕ್ಕಿಂತ ಆಪ್ತ. 210 ಡಿಗ್ರಿ ಬಿಸಿಯ, ಭೂಮಿಯ 29 ಪಟ್ಟು ಒತ್ತಡದ ಅಮೋನಿಯಾದಲ್ಲಿ ಬದುಕುವ ಜೀವಿಯೊಂದಿಗೆ ಗೆಳೆತನ ಬೆಳೆಯುವುದು ಸಂಖ್ಯೆಗಳಿಂದ. ಆ ಜೀವಿಗಳ ಎಣಿಕೆ ನಮ್ಮಂತೆ ಹತ್ತರದಲ್ಲ, ಆರರ ಮಡಿಯದು. ಭಾಷೆ ಕಲಿಯುವ ಆ ಅಧ್ಯಾಯಗಳನ್ನು ನಿಧಾನವಾಗಿ ಓದಿ. ಜಗತ್ತಿನ ಸರ್ಕಾರಗಳೆಲ್ಲ ಒಬ್ಬ ಅಧಿಕಾರಿಯ ಕೈಗೆ ಸರ್ವಾಧಿಕಾರ ಕೊಟ್ಟುಬಿಡುತ್ತವೆ ಅನ್ನುವುದನ್ನು ಮಾತ್ರ ನಂಬಲಾಗಲಿಲ್ಲ.

'ಡ್ಯೂನ್' (1965) ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಅದರ ಅಂಗಿಯ ಬಗ್ಗೆ ಬರೆಯುತ್ತೇನೆ. ಮರುಭೂಮಿಯವರು ತೊಡುವ ಸ್ಟಿಲ್‌ಸೂಟ್ ಬೆವರನ್ನು ಹಿಡಿದು ಕುಡಿಯುವ ನೀರಾಗಿಸುತ್ತದೆ. ಒಂದು ಗ್ರಾಂ ಬೆವರು ಆವಿಯಾದರೆ ಮೈಯಿಂದ ಸುಮಾರು 580 ಕ್ಯಾಲೊರಿ ಶಾಖ ಒಯ್ಯುತ್ತದೆ. ಅದೇ ಆವಿಯನ್ನು ಅಂಗಿಯೊಳಗೆ ಮತ್ತೆ ನೀರು ಮಾಡಿದರೆ ಅಷ್ಟೂ ಶಾಖ ವಾಪಸ್ ಬರುತ್ತದೆ. ಹೊರಗೆ 45 ಡಿಗ್ರಿ ಇದ್ದರೆ ಅದಕ್ಕೆ ಹೋಗಲು ದಾರಿಯೇ ಇಲ್ಲ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ನಾಟಿ ಮಾಡುವವರ ಬೆನ್ನು ಹೇಗೆ ಬೇಯುತ್ತದೆ, ನೆನಪಿಸಿಕೊಳ್ಳಿ. ಹಾಗಿದ್ದರೂ ಈ ಕಾದಂಬರಿಯನ್ನು ಮೇಲಿಡುತ್ತೇನೆ. ನೀರಿನ ಬೆಲೆ ಅಲ್ಲಿ ಮಾತಿನಲ್ಲಿ, ಮರ್ಯಾದೆಯಲ್ಲಿ, ಸಾವಿನಲ್ಲಿ ಇಳಿದಿದೆ. ಉಗುಳುವುದು ಗೌರವ, ಸತ್ತವನ ಮೈಯ ನೀರು ಕುಲದ ಸ್ವತ್ತು. ಓದುವವರಿಗೆ ಒಂದು ಸಲಹೆ: ಕೊನೆಯಲ್ಲಿರುವ ಪದಕೋಶಕ್ಕೆ ಒಂದು ಗುರುತು ಇಟ್ಟುಕೊಂಡೇ ಶುರುಮಾಡಿ. ಮೊದಲ ನೂರು ಪುಟದಲ್ಲಿ ಬಿಟ್ಟವರೇ ಹೆಚ್ಚು.

'ತ್ರೀ ಬಾಡಿ ಪ್ರಾಬ್ಲಂ'ನಲ್ಲಿ ಮೂರು ಕೋಟಿ ಸೈನಿಕರು ಬಾವುಟ ಎತ್ತಿ ಇಳಿಸಿ ಕಂಪ್ಯೂಟರ್ ಆಗುವ ದೃಶ್ಯಕ್ಕೆ ಸಾಟಿಯಿಲ್ಲ. ಪಾತ್ರಗಳು ತೆಳು. ಅಲ್ಲದೆ ಕಥೆಯ ಅನ್ಯಲೋಕ ಆಲ್ಫಾ ಸೆಂಟಾರಿಯ ಮೂರು ಸೂರ್ಯರ ಸೆಳೆತಕ್ಕೆ ಸಿಕ್ಕಿ ಹೊತ್ತುಗೊತ್ತಿಲ್ಲದೆ ನರಳುತ್ತದೆ. ನಿಜವಾದ ಆಲ್ಫಾ ಸೆಂಟಾರಿಯಲ್ಲಿ ಮೂರನೆಯ ನಕ್ಷತ್ರ ಉಳಿದೆರಡರಿಂದ ಬಹಳ ದೂರ, ಅಲ್ಲಿ ಅಂಥ ಗೊಂದಲ ಹುಟ್ಟುವುದಿಲ್ಲ.

ಫ್ಯಾಂಟಸಿಯಲ್ಲಿ ಬ್ರ್ಯಾಂಡನ್ ಸ್ಯಾಂಡರ್ಸನ್ ಬರೆದ 'ಮಿಸ್ಟ್‌ಬಾರ್ನ್' (2006) ಲೆಕ್ಕದ ಪುಸ್ತಕ. ನುಂಗಿದ ಲೋಹ ಹೊಟ್ಟೆಯಲ್ಲಿ ಉರಿದು ಶಕ್ತಿ ಕೊಡುತ್ತದೆ: ಉಕ್ಕು ಸುತ್ತಲಿನ ಲೋಹದ ವಸ್ತುಗಳನ್ನು ತಳ್ಳುತ್ತದೆ, ಕಬ್ಬಿಣ ಎಳೆಯುತ್ತದೆ. ತಳ್ಳಿದ ವಸ್ತು ನಿಮಗಿಂತ ಭಾರವಾಗಿದ್ದರೆ ಹಿಂದಕ್ಕೆ ಹೋಗುವುದು ನೀವೇ. ನಾಣ್ಯ ನೆಲಕ್ಕೆ ಕಚ್ಚಿದ ಮೇಲಷ್ಟೇ ಹಾರಲು ಆಧಾರ. ಲೋಹ ಮುಗಿದರೆ ಶಕ್ತಿಯೂ ಮುಗಿಯಿತು. ಹೊಡೆದಾಟಗಳಲ್ಲಿ ಈ ನಿಯಮ ಎಲ್ಲೂ ತಪ್ಪುವುದಿಲ್ಲ. ಸಂಭಾಷಣೆ ಮಾತ್ರ ಹೇಳಿದ್ದನ್ನೇ ಹೇಳುತ್ತದೆ.

ನನ್ನ ಆಯ್ಕೆ ಅರ್ಸುಲಾ ಲ ಗ್ವಿನ್ ಬರೆದ 'ಎ ವಿಝರ್ಡ್ ಆಫ್ ಅರ್ಥ್‌ಸೀ' (1968). ಇನ್ನೂರು ಪುಟದ ಆಸುಪಾಸಿನ ಸಣ್ಣ ಪುಸ್ತಕ, ಸೂತ್ರಗಳ ಪಟ್ಟಿಯೂ ಇಲ್ಲ. ಆದರೂ ಅದರ ಲೆಕ್ಕ ಎಲ್ಲಕ್ಕಿಂತ ಬಿಗಿ. ಒಂದು ದ್ವೀಪಕ್ಕೆ ಮಂತ್ರದಿಂದ ಮಳೆ ತರಿಸಿದರೆ ಇನ್ನೊಂದು ದ್ವೀಪದಲ್ಲಿ ಬರ ಬೀಳಬಹುದು ಎಂದು ಹುಡುಗನಿಗೆ ಕಲಿಸುತ್ತಾರೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಾಫಿ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊಗ್ಗು ಅರಳಿಸುವ ಹೂಮಳೆ ಒಂದು ಇಂಚಾದರೂ ಬರಬೇಕು, ಮೂವತ್ತು ನಲವತ್ತು ಸೆಂಟ್ಸ್‌ಗೆ (ನೂರು ಸೆಂಟ್ಸ್ ಒಂದು ಇಂಚು) ನಿಂತರೆ ಮೊಗ್ಗು ಅರ್ಧಕ್ಕೇ ಕುಗ್ಗುತ್ತದೆ. ಎಂಟು ಹತ್ತು ದಿನಕ್ಕೆ ಹೂ ಅರಳಿದ ಬೆಳಿಗ್ಗೆಯೇ ಮತ್ತೆ ಸುರಿದರೆ ಪರಾಗ ತೊಳೆದುಹೋಗುತ್ತದೆ. ಆಮೇಲೆ ಕೆಲವು ವಾರಗಳಲ್ಲಿ ಬ್ಯಾಕಿಂಗ್ ಮಳೆ, ಅಂದರೆ ಹೂವಿನ ನಂತರದ ಆಸರೆಯ ಮಳೆ, ಬಾರದಿದ್ದರೆ ಕಚ್ಚಿದ ಕಾಯಿ ನಿಲ್ಲದು. ಇಷ್ಟನ್ನೂ ಬಲ್ಲವನಿಗಷ್ಟೇ ಮಳೆಯನ್ನು ಕರೆಯುವ ಅಧಿಕಾರ. ಕಾದಂಬರಿಯ ಗುರು ಓಗಿಯನ್ ಮೋಡ ಸರಿಸಬಲ್ಲವನು. ಶಿಷ್ಯ ಪೊದೆಯಲ್ಲಿ ನೆನೆದು ಮುಖ ಊದಿಸಿಕೊಂಡು ಕೂತಿದ್ದರೂ ಮಳೆಯನ್ನು ಅದರ ಪಾಡಿಗೆ ಸುರಿಯಲು ಬಿಟ್ಟು, ಒಂದು ದಟ್ಟ ಮರದ ಕೆಳಗೆ ಹೋಗಿ ಮಲಗುತ್ತಾನೆ.