ಪೂಜೆಯ ಹೂವನ್ನು ಕೆರೆಗೆ ಹಾಕಬೇಕಿಲ್ಲ: ಒಂದು ಸ್ಪಷ್ಟನೆ

"ದೇವರಿಗೆ ಏರಿಸಿದ ಹೂವು ಕಸಕ್ಕೆ ಹೋದರೆ ದೋಷ, ಕೆರೆಗೇ ಬಿಡಬೇಕು" ಎಂಬ ಮೆಸೇಜ್ ಬೆಂಗಳೂರಿನ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ದಯವಿಟ್ಟು ನಂಬಬೇಡಿ. ಹರಿಯುವ ನೀರಿಗೆ ಬಿಡುವ ಪದ್ಧತಿ ಇದೆ ನಿಜ, ಆದರೆ ನಮ್ಮ ಕೆರೆಗಳದ್ದು ನಿಂತ ನೀರು. ಅಲ್ಲಿ ಹೂವು ಕೊಳೆಯುವಾಗ ನೀರಿನ ಆಮ್ಲಜನಕ ಖರ್ಚಾಗುತ್ತದೆ, ಅದು ಜಾಸ್ತಿಯಾದರೆ ಮೀನುಗಳು ಉಸಿರುಗಟ್ಟಿ ಸಾಯುತ್ತವೆ, ಹೂವಿನ ಜೊತೆ ಬಿಟ್ಟ ಪ್ಲಾಸ್ಟಿಕ್ ಕವರ್ ಅಂತೂ ಹಾಗೇ ಉಳಿಯುತ್ತದೆ. ಸ್ಯಾಂಕಿ, ಯಡಿಯೂರು ಕೆರೆಗಳಲ್ಲಿ ಗಣೇಶನನ್ನು ಬಿಡಲು ಬೇರೆ ಕಲ್ಯಾಣಿ ಇರುವುದೂ ಕೆರೆ ಹಾಳಾಗಬಾರದು ಅಂತಲೇ. ಬಾಗಿಲು ಸಾರಿಸಿ ರಂಗೋಲಿ ಹಾಕುವುದು ಪೂಜೆಯೇ ಅಲ್ವಾ? ಕೆರೆಯನ್ನು ಚೊಕ್ಕಟವಾಗಿಡುವುದೂ ನನಗೆ ಅಷ್ಟೇ ಪೂಜೆ. ದಾರ ಬಿಚ್ಚಿ ಹೂವನ್ನು ಕುಂಡದ ಮಣ್ಣಿಗೆ ಸೇರಿಸಿ, ಗೊಬ್ಬರವಾಗಿ ತುಳಸಿಗೇ ಹೋಗಲಿ. ಜಾಗ ಇಲ್ಲದಿದ್ದರೆ ಹಸಿ ಕಸಕ್ಕೆ ಕೊಡಿ. ಹಾಗೆಯೇ, ಹಳೆಯ ದೇವರ ಫೋಟೋಗಳನ್ನು ಸುಮ್ನೆ ಅರಳಿಕಟ್ಟೆಯಲ್ಲಿ ಬಿಟ್ಟು ಬರಬೇಡಿ, ಗಾಜು ಒಡೆದು ಮಕ್ಕಳ ಕಾಲಿಗೆ ಚುಚ್ಚುತ್ತದೆ.