ಮಕ್ಕಳಿಲ್ಲದೆ ಹೋದವರ ಹೆಸರು ಯಾರು ಹೇಳಬೇಕು?

"ಇವರನ್ನು ನೋಡೋಕೆ ನಿಮ್ಮ ಕಡೆಯಿಂದ ಯಾರಾದರೂ ಬರ್ತಾರಾ?" ಅಂತ ಆ ಯಜಮಾನರು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಚುಚ್ಚಬೇಕು ಅಂತ ಕೇಳಿದ ಮಾತಲ್ಲ ಅದು. ಗೋಡೆಯ ಮೇಲೆ ಸಾಲು ಸಾಲು ಭಾರತೀಯ ಹೆಸರುಗಳಿದ್ದವು, ಪಕ್ಕದಲ್ಲಿ ಭಾರತದವನೊಬ್ಬ ನಿಂತಿದ್ದ, ಕೇಳಿದರು ಅಷ್ಟೇ. ಆದರೂ ಚುಚ್ಚಿತು.

ಅವರು ನನ್ನ ಆಫೀಸಿನ ಗೆಳತಿಯ ತಂದೆ. ಆಸ್ಟ್ರೇಲಿಯಾದ ಪರ್ತ್‌ನವರು. ಮಗಳನ್ನು ನೋಡಲು ಸಿಂಗಪುರಕ್ಕೆ ಬಂದಿದ್ದರು. ಬಂದವರು ಮರೀನಾ ಬೇ, ಸೆಂಟೋಸಾ ಅಂತೆಲ್ಲ ಕೇಳಲಿಲ್ಲ. ಮೊದಲು ಕ್ರಾಂಜಿಯ ಯುದ್ಧ ಸ್ಮಶಾನಕ್ಕೆ ಹೋಗಬೇಕು ಅಂದರು. ಮಗಳಿಗೆ ಅವತ್ತು ರಜೆ ಸಿಗಲಿಲ್ಲ. ನಾನು ಕರೆದುಕೊಂಡು ಹೋದೆ.

ಕ್ರಾಂಜಿ ಸಿಂಗಪುರದ ಉತ್ತರದ ತುದಿಯಲ್ಲಿದೆ. ಒಂದು ಸಣ್ಣ ಗುಡ್ಡ, ಅದರ ಇಳಿಜಾರಿನಲ್ಲಿ ಬಿಳಿ ಕಲ್ಲುಗಳ ಸಾಲು. ಎರಡನೇ ಮಹಾಯುದ್ಧದ 4,461 ಮಂದಿಯ ಲೆಕ್ಕ ಅಲ್ಲಿದೆ. ಅದರಲ್ಲಿ 850ಕ್ಕೂ ಹೆಚ್ಚು ಜನ ಯಾರು ಅಂತಲೇ ಗೊತ್ತಾಗಿಲ್ಲ. ಯುದ್ಧದ ಹೊತ್ತಿಗೆ ಜಪಾನಿಯರ ಸೆರೆಯಲ್ಲಿದ್ದವರು ಅಲ್ಲೇ ತಮ್ಮ ಜೊತೆಯವರನ್ನು ಹೂಳಲು ಶುರು ಮಾಡಿದ್ದರು. ಆಮೇಲೆ ಚಾಂಗಿಯಿಂದ, ಬೇರೆ ಕಡೆಗಳಿಂದ ಸಮಾಧಿಗಳನ್ನು ತೆಗೆದು ತಂದು ಇಲ್ಲಿ ಸೇರಿಸಿದರು. ಗುಡ್ಡದ ನೆತ್ತಿಯಲ್ಲಿ ದೊಡ್ಡ ಸ್ಮಾರಕ ಇದೆ. ದೇಹವೇ ಸಿಗದ 24,000ಕ್ಕೂ ಹೆಚ್ಚು ಜನರ ಹೆಸರು ಅದರ ಗೋಡೆಗಳ ಮೇಲಿದೆ. 1957ರಿಂದ ಅದು ಅಲ್ಲಿ ನಿಂತಿದೆ.

ಯಜಮಾನರು ನೋಡಲು ಬಂದಿದ್ದು ತಮ್ಮ ಚಿಕ್ಕಪ್ಪನನ್ನು. ಇವರು ಹುಟ್ಟುವ ಮೊದಲೇ ಸತ್ತವನು. ಮದುವೆ ಆಗಿರಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಹುಡುಗರನ್ನೇ ಸೇರಿಸಿ ಕಟ್ಟಿದ ಮೆಷಿನ್ ಗನ್ ಪಡೆಯಲ್ಲಿದ್ದ. ಆ ಪಡೆ ಸಿಂಗಪುರಕ್ಕೆ ಬಂದಿಳಿದದ್ದು 1942ರ ಜನವರಿ 24ಕ್ಕೆ. ಫೆಬ್ರವರಿ 8ರ ರಾತ್ರಿ ಜಪಾನಿ ಸೇನೆ ಜೊಹೊರ್ ಜಲಸಂಧಿ ದಾಟಿ, ಆಸ್ಟ್ರೇಲಿಯನ್ನರು ಕಾಯುತ್ತಿದ್ದ ವಾಯವ್ಯದ ದಡಕ್ಕೇ ಬಂತು. ಫೆಬ್ರವರಿ 15ಕ್ಕೆ ಸಿಂಗಪುರ ಶರಣಾಯಿತು. ಅಂದರೆ ಹಡಗಿನಿಂದ ಇಳಿದ ಮೇಲೆ ಆ ಹುಡುಗರಿಗೆ ಸಿಕ್ಕಿದ್ದು ಮೂರೇ ವಾರ. ಇವರ ಚಿಕ್ಕಪ್ಪನಿಗೆ ಅಷ್ಟೂ ಸಿಗಲಿಲ್ಲ.

ಯಜಮಾನರ ಕೈಯಲ್ಲಿ ಒಂದು ಫೈಲ್ ಇತ್ತು. ಅದರಲ್ಲಿ ಚಿಕ್ಕಪ್ಪನ ಸೈನ್ಯದ ನಂಬರ್, ಪಡೆಯ ಹೆಸರು, ಸಮಾಧಿಯ ಸಾಲು, ಮನೆಗೆ ಬರೆದ ಕಾಗದದ ನಕಲು ಎಲ್ಲ ಇತ್ತು. ನಂಬರ್ ಶುರುವಾಗುವುದು ಡಬ್ಲ್ಯೂಎಕ್ಸ್ ಅಂತ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸೇರಿದವರಿಗೆಲ್ಲ ಅದೇ. ವಿಕ್ಟೋರಿಯಾದವರಿಗೆ ವಿಎಕ್ಸ್, ನ್ಯೂ ಸೌತ್ ವೇಲ್ಸ್‌ನವರಿಗೆ ಎನ್‌ಎಕ್ಸ್. ಸತ್ತವನು ಯಾವ ಕಡೆಯ ಹುಡುಗ ಅಂತ ಕಲ್ಲು ನೋಡಿದರೇ ಗೊತ್ತಾಗುತ್ತದೆ. ಕಲ್ಲಿನ ಮೇಲುಗಡೆ ಉದಯಿಸುವ ಸೂರ್ಯನ ಲಾಂಛನ, ಆಮೇಲೆ ಹೆಸರು, ಪಡೆ, ಸತ್ತ ದಿನ, ವಯಸ್ಸು. ತೀರಾ ಕೆಳಗೆ ಮನೆಯವರು ಆರಿಸಿದ ಒಂದು ಸಾಲು. ಆ ಸಾಲು ಇಷ್ಟೇ ಅಕ್ಷರ ಇರಬೇಕು ಅಂತ ಲೆಕ್ಕ ಇತ್ತು. ಮಗ ಸತ್ತ ತಾಯಿ ಅಷ್ಟರಲ್ಲೇ ಎಲ್ಲ ಹೇಳಬೇಕಿತ್ತು. ಆ ಕೆಳಗಿನ ಸಾಲುಗಳನ್ನು ಓದುತ್ತಾ ಹೋದರೆ ಗಂಟಲು ಕಟ್ಟುತ್ತದೆ.

ಅಲ್ಲಿ ನನಗೆ ಬಹಳ ಹಿಡಿಸಿದ್ದು ಇನ್ನೊಂದು. ಕಲ್ಲುಗಳೆಲ್ಲ ಒಂದೇ ಅಳತೆ. ಅಧಿಕಾರಿಗೆ ದೊಡ್ಡದು, ಸಿಪಾಯಿಗೆ ಚಿಕ್ಕದು ಅಂತಿಲ್ಲ. ಯುದ್ಧದಲ್ಲಿ ಸತ್ತವರ ಸಮಾಧಿಗಳನ್ನು ನೋಡಿಕೊಳ್ಳಲು 1917ರಲ್ಲಿ ಶುರುವಾದ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಮಾಡಿಕೊಂಡ ನಿಯಮ ಅದು. ದುಡ್ಡಿದ್ದವರು ಹೆಣವನ್ನು ಊರಿಗೆ ಒಯ್ಯುವ ಹಾಗೂ ಇರಲಿಲ್ಲ. ಎಲ್ಲಿ ಸತ್ತರೋ ಆ ನೆಲದಲ್ಲೇ, ಜೊತೆಯವರ ಪಕ್ಕದಲ್ಲೇ ಇರಬೇಕು. ಆಸ್ಟ್ರೇಲಿಯಾ ಈ ಪದ್ಧತಿ ಬಿಟ್ಟಿದ್ದು 1966ರಲ್ಲಿ, ವಿಯೆಟ್ನಾಂ ಯುದ್ಧದ ಹೊತ್ತಿಗೆ. ಅದಕ್ಕೂ ಮೊದಲು ತೀರಿಕೊಂಡು ಹೊರಗೇ ಉಳಿದವರ ಮನೆಯವರು ಸುಮ್ಮನೆ ಕೂರಲಿಲ್ಲ. ವರ್ಷಗಟ್ಟಲೆ ಕೇಳಿದರು. 2016ರಲ್ಲಿ ಮಲೇಷ್ಯಾದ ತೆರೆಂಡಾಕ್‌ನಿಂದ 32 ಮಂದಿಯನ್ನು, ಈ ಕ್ರಾಂಜಿಯಿಂದ ಒಬ್ಬರನ್ನು ಊರಿಗೆ ಕರೆದುಕೊಂಡು ಹೋದರು. ಐವತ್ತು ವರ್ಷ ಕಳೆದರೂ ಬಿಡಲಿಲ್ಲ ಅವರು.

ಯಜಮಾನರು ಇನ್ನೊಂದು ಕಡೆ ಕರೆದುಕೊಂಡು ಹೋದರು. ಆಪರೇಷನ್ ರಿಮಾವ್‌ನವರ ಸಮಾಧಿಗಳು. ಸಿಂಗಪುರದ ಬಂದರಿನಲ್ಲಿದ್ದ ಜಪಾನಿ ಹಡಗುಗಳನ್ನು ಒಡೆಯಲು ಬಂದ 23 ಮಂದಿ ಆಸ್ಟ್ರೇಲಿಯನ್ನರು ಮತ್ತು ಬ್ರಿಟಿಷರು. ಒಬ್ಬರೂ ಉಳಿಯಲಿಲ್ಲ. ಅವರಲ್ಲಿ ಹತ್ತು ಜನರ ತಲೆ ಕಡಿದದ್ದು 1945ರ ಜುಲೈ 7ಕ್ಕೆ. ಆಗಸ್ಟ್ 15ಕ್ಕೆ ಜಪಾನ್ ಶರಣಾಯಿತು. ಈ ತಾರೀಖುಗಳನ್ನು ಅವರು ಪುಸ್ತಕ ನೋಡದೆ ಹೇಳಿದರು. ತಮ್ಮ ಬಂಧು ಅಲ್ಲ, ಬಳಗ ಅಲ್ಲ. ಆದರೂ ಗೊತ್ತಿತ್ತು.

ಇದನ್ನೆಲ್ಲ ನೋಡಿದ ಮೇಲೆ ನನ್ನ ತಲೆಯಲ್ಲಿ ಕೂತಿದ್ದು ನಮ್ಮ ಮನೆಯ ಒಬ್ಬರು. ನಮ್ಮ ಅಜ್ಜನ ತಮ್ಮ. ಕಾಲರಾ ಬಂದ ವರ್ಷ ಹೋದರು. ಅವರಿಗೂ ಆಗ ಇಪ್ಪತ್ತರ ಆಸುಪಾಸು, ಅವರಿಗೂ ಮದುವೆ ಆಗಿರಲಿಲ್ಲ. ಅವರ ಹೆಸರೇನು ಅಂತ ಊರಿಗೆ ಫೋನ್ ಮಾಡಿ ಕೇಳಿದೆ. ಅಪ್ಪ ಒಂದು ಹೆಸರು ಹೇಳಿದರು. ಅತ್ತೆ ಇನ್ನೊಂದು ಹೇಳಿದರು. ಎಲ್ಲಿ ಹೂಳಿದ್ದು ಅಂತ ಕೇಳಿದರೆ "ಹೊಲದ ಆ ಕಡೆ ಬದುವಿನ ಹತ್ರ ಇರ್ಬೇಕು" ಅಂದರು. ಆ ಹೊಲ ಮಾರಿ ಎಷ್ಟೋ ವರ್ಷ ಆಯಿತು. ಈಗ ಅಲ್ಲಿ ಸೈಟ್ ಮಾಡಿದ್ದಾರೆ.

ನಮ್ಮ ಮಂಡ್ಯದ ಕಡೆ ಹೂಳುವವರೇ ಜಾಸ್ತಿ. ಹಾಗಾಗಿ ಅವರು ಹೂಳುತ್ತಾರೆ, ನಾವು ಸುಡುತ್ತೇವೆ, ಅದಕ್ಕೇ ಈ ವ್ಯತ್ಯಾಸ ಅನ್ನುವ ಮಾತು ನನ್ನ ಹತ್ತಿರ ನಡೆಯುವುದಿಲ್ಲ. ನಾವೂ ಹೂಳುತ್ತೇವೆ. ಹಾಲು ತುಪ್ಪ ಬಿಡುತ್ತೇವೆ, ತಿಥಿ ಮಾಡುತ್ತೇವೆ. ಆಮೇಲೆ ಎರಡು ಮಳೆಗಾಲಕ್ಕೆ ಮಣ್ಣು ಕುಸಿದು ನೆಲ ಸಮ ಆಗುತ್ತದೆ. ಮಕ್ಕಳಿದ್ದವರಾದರೆ ಅವರ ಹೆಸರು ಮೊಮ್ಮಕ್ಕಳಿಗೆ ಬರುತ್ತದೆ. ಜಮೀನಿನ ಪಹಣಿಯಲ್ಲಿ ಸ್ವಲ್ಪ ಕಾಲ ಇರುತ್ತದೆ. ಮಕ್ಕಳಿಲ್ಲದೆ, ಮದುವೆ ಇಲ್ಲದೆ ಹೋದವರಿಗೆ ಏನಿದೆ? ನಮ್ಮಲ್ಲಿ ಹೆಸರು ಉಳಿಯುವುದು ಸಂತಾನದಿಂದ ಮಾತ್ರ. ಸಂತಾನ ಇಲ್ಲದವನು ಒಂದು ತಲೆಮಾರು ಕಳೆದರೆ ಹುಟ್ಟೇ ಇರಲಿಲ್ಲ ಅನ್ನುವಷ್ಟು ಅಳಿಸಿಹೋಗುತ್ತಾನೆ.

ಯುದ್ಧದಲ್ಲಿ ಸಾಯುವವರಲ್ಲಿ ಹೆಚ್ಚಿನವರು ಇಂಥವರೇ ಅಲ್ವಾ? ಇನ್ನೂ ಮದುವೆಯಾಗದ ಹುಡುಗರು. ಅವರ ಹೆಸರು ಹೇಳಲು ಮಗ ಇಲ್ಲ, ಮೊಮ್ಮಗ ಇಲ್ಲ. ಆಸ್ಟ್ರೇಲಿಯನ್ನರು ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದಾರೆ. ಮಗನಿಲ್ಲದಿದ್ದರೆ ಅಣ್ಣನ ಮಗ ಬರುತ್ತಾನೆ. ಅವನೂ ಇಲ್ಲದಿದ್ದರೆ ದೇಶವೇ ಬರುತ್ತದೆ. ಪ್ರತಿ ವರ್ಷ ಏಪ್ರಿಲ್ 25ಕ್ಕೆ, ಯುದ್ಧದಲ್ಲಿ ಸತ್ತವರನ್ನು ಅವರು ನೆನೆಯುವ ದಿನ, ಇನ್ನೂ ಕತ್ತಲಿರುವಾಗಲೇ, ಕ್ರಾಂಜಿಯ ಗುಡ್ಡದ ಮೇಲೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನವರು ಸೇರುತ್ತಾರೆ. ಸಣ್ಣ ಮಕ್ಕಳನ್ನೂ ಎಬ್ಬಿಸಿಕೊಂಡು ಬರುತ್ತಾರೆ. ಆ ಮಕ್ಕಳಿಗೆ ಅಲ್ಲಿ ಮಲಗಿದವರು ಯಾರೂ ಸಂಬಂಧಿಕರಲ್ಲ.

ನಮ್ಮವರೂ ಅಲ್ಲಿದ್ದರು. ಆ ಗೋಡೆಯ ಮೇಲೆ ಭಾರತೀಯ ಸೈನಿಕರ ಹೆಸರು ಸಾವಿರಾರು. ದಹನ ಮಾಡಿದವರಿಗೆ ಅಂತ ಬೇರೆಯೇ ಒಂದು ಸ್ಮಾರಕ ಇದೆ, ಅದರಲ್ಲೂ ಬಹುಪಾಲು ಭಾರತದವರೇ. ಮೈಸೂರು ಸಂಸ್ಥಾನದ ಕಾಲಾಳು ಪಡೆಯೂ ಆಗ ಈ ದ್ವೀಪದಲ್ಲಿತ್ತು. ಸಿಂಗಪುರ ಬಿದ್ದಾಗ ಅವರೂ ಸೆರೆ ಸಿಕ್ಕರು. ಇದನ್ನು ನನಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ. 1918ರಲ್ಲಿ ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಬಗ್ಗೆ ಈಗೀಗ ಮಾತು ಕೇಳಿಬರುತ್ತದೆ, ಸಂತೋಷ. ಸಿಂಗಪುರಕ್ಕೆ ಬಂದವರ ಬಗ್ಗೆ ಯಾರ ಬಾಯಲ್ಲೂ ಇಲ್ಲ. ಇಲ್ಲಿ ಇಷ್ಟು ಜನ ಕನ್ನಡಿಗರಿದ್ದೇವೆ. ಹಬ್ಬ, ರಾಜ್ಯೋತ್ಸವ ಎಲ್ಲ ಚೆನ್ನಾಗಿ ಮಾಡುತ್ತೇವೆ. ಊರಿಂದ ಅಪ್ಪ ಅಮ್ಮ ಬಂದರೆ ಲಿಟಲ್ ಇಂಡಿಯಾ ತೋರಿಸುತ್ತೇವೆ, ಮುಸ್ತಫಾ ಅಂಗಡಿಗೆ ಕರೆದುಕೊಂಡು ಹೋಗುತ್ತೇವೆ. ಕ್ರಾಂಜಿ ನಮ್ಮ ಪಟ್ಟಿಯಲ್ಲೇ ಇಲ್ಲ.

ಇದು ನಮಗೆ ಗೊತ್ತಿಲ್ಲದ ವಿದ್ಯೆಯಾಗಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ನೋಡಿ. ಕ್ರಿ.ಶ. 949ರ ಸುಮಾರಿನದು. ಕಾಳಿ ಅನ್ನುವ ನಾಯಿ ಹಂದಿಯ ಜೊತೆ ಕಾದಾಡಿ ಸತ್ತಿತು. ಅದನ್ನು ಸಾಕಿದ್ದ ಮಣಲೆರ ಅದಕ್ಕೆ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಅಲ್ಲಿನ ಗೊರವ, ಅಂದರೆ ಶಿವನ ಗುಡಿಯ ಪೂಜಾರಿ, ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಅವನಿಗೆ ಪಾಪ ತಟ್ಟುತ್ತದೆ ಅಂತಲೂ ಬರೆಸಿದ. ಕಲ್ಲು ನಿಲ್ಲಿಸಿದರೆ ಸಾಲದು, ದಿನಾ ನೋಡಿಕೊಳ್ಳುವವರು ಬೇಕು, ಅದಕ್ಕೆ ಖರ್ಚಿನ ದಾರಿ ಬೇಕು ಅನ್ನುವುದು ಸಾವಿರ ವರ್ಷದ ಹಿಂದೆ ನಮ್ಮವರಿಗೆ ತಿಳಿದಿತ್ತು. ಕಮಿಷನ್ ಮಾಡುತ್ತಿರುವುದೂ ಅದನ್ನೇ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಭಾರತ ಈ ಆರು ದೇಶ ಸಮಾಧಿಗಳ ಲೆಕ್ಕದ ಮೇಲೆ ದುಡ್ಡು ಕೊಡುತ್ತವೆ. ಮಾಲಿಗಳು ದಿನಾ ಬರುತ್ತಾರೆ, ಹುಲ್ಲು ಕತ್ತರಿಸುತ್ತಾರೆ, ಮಾಸಿದ ಅಕ್ಷರ ಸರಿಮಾಡುತ್ತಾರೆ. ನಮ್ಮೂರ ಕೆರೆ ಏರಿಯ ಮೇಲಿದ್ದ ವೀರಗಲ್ಲಿನ ಮೇಲೆ ನಾನು ಚಿಕ್ಕವನಿದ್ದಾಗ ಬಟ್ಟೆ ಒಗೆಯುತ್ತಿದ್ದರು. ಈಗ ಕಲ್ಲೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಕೆಲವನ್ನು ಒಪ್ಪಲೇಬೇಕು.

ಈ ಬಿಳಿ ಕಲ್ಲುಗಳ ಸಮಾನತೆ ಎಲ್ಲರಿಗೂ ಸಿಗಲಿಲ್ಲ. ಸಿಂಗಪುರದಲ್ಲಿ ಸೆರೆ ಸಿಕ್ಕವರಲ್ಲಿ ಬಹಳ ಜನರನ್ನು ಥಾಯ್ಲೆಂಡ್-ಬರ್ಮಾ ರೈಲು ದಾರಿಯ ಕೆಲಸಕ್ಕೆ ಒಯ್ದರು. 415 ಕಿಲೋಮೀಟರ್. ಅಲ್ಲಿ 12,000ಕ್ಕೂ ಹೆಚ್ಚು ಯುದ್ಧಕೈದಿಗಳು ಸತ್ತರು, ಅದರಲ್ಲಿ ಸುಮಾರು 2,800 ಆಸ್ಟ್ರೇಲಿಯನ್ನರು. ಅವರನ್ನು ಕಾಡಿನಿಂದ ಹುಡುಕಿ ತಂದು ಕಾಂಚನಬುರಿಯಂಥ ಕಡೆ ಒಪ್ಪವಾಗಿ ಮಲಗಿಸಿದ್ದಾರೆ. ಅದೇ ದಾರಿಯಲ್ಲಿ ಅದರ ಎಷ್ಟೋ ಪಟ್ಟು ಕೂಲಿಗಳು ಸತ್ತರು. ಮಲಾಯದ ರಬ್ಬರ್ ತೋಟಗಳ ತಮಿಳರು, ಬರ್ಮಾದವರು, ಜಾವಾದವರು. ಅವರಿಗೆ ಹೀಗೆ ಒಬ್ಬೊಬ್ಬರಿಗೂ ಒಂದೊಂದು ಕಲ್ಲು ಇಲ್ಲ. ಮೊದಲ ಮಹಾಯುದ್ಧದಲ್ಲಿ ಸತ್ತ, ಹೆಚ್ಚಾಗಿ ಪೂರ್ವ ಆಫ್ರಿಕಾ, ಈಜಿಪ್ಟ್ ಕಡೆಯ ಕನಿಷ್ಠ 1,16,000 ಜನರ ಹೆಸರು ಬರೆಸದೆ ಬಿಟ್ಟಿದ್ದಕ್ಕೆ ಕಮಿಷನ್ 2021ರಲ್ಲಿ ಕ್ಷಮೆ ಕೇಳಿತು. ನಮ್ಮಲ್ಲೂ ಏನೂ ಆಗಿಲ್ಲ ಅನ್ನುವ ಹಾಗಿಲ್ಲ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರಲ್ಲಿ ತೆರೆದಾಗ ಅದರ ಗೋಡೆಗಳ ಮೇಲೆ 25,942 ಹೆಸರಿದ್ದವು. ತಡವಾಯಿತು, ಆದರೂ ಆಯಿತು.

ಇನ್ನೊಂದು ಅಮ್ಮನ ಮಾತು. ಈ ಅಜ್ಜನ ತಮ್ಮನ ವಿಷಯ ತೆಗೆದು ನಾನು ಫೋನಿನಲ್ಲಿ ಸಿಡುಕಿದಾಗ ಅಮ್ಮ ಅಂದರು: "ಪಿತೃಪಕ್ಷದಲ್ಲಿ ಕಳಸ ಇಟ್ಟು ಎಡೆ ಹಾಕ್ದಾಗ ಬರೀ ಫೋಟೊದಲ್ಲಿರೋರಿಗೆ ಅಂತ ಹಾಕ್ತೀವಾ? ಗೊತ್ತಿರೋರು, ಗೊತ್ತಿಲ್ದೋರು, ಮಕ್ಕಳಿಲ್ದೆ ಹೋದೋರು, ಎಲ್ಲಾರ್ಗೂ ಸೇರ್ಸಿ ಕಣಪ್ಪ. ಅವ್ರನ್ನೇನು ಉಪವಾಸ ಕಳಿಸಿಲ್ಲ ನಾವು." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಸರು ಕೇಳದೆ ಎಲ್ಲರಿಗೂ ಅನ್ನ ಇಡುವುದು ಸಣ್ಣ ಮನಸ್ಸಿನವರ ಕೆಲಸ ಅಲ್ಲ. ಆ ಗುಡ್ಡದ ಮೇಲಿನ 850 ಹೆಸರಿಲ್ಲದವರಿಗೆ ಬೇಕಾದದ್ದು ಬಹುಶಃ ಇಂಥ ಎಡೆಯೇ.

ಆದರೂ ಹೆಸರು ಗೊತ್ತಿದ್ದಾಗ ಅದನ್ನು ಕಳೆದುಕೊಳ್ಳಬಾರದು, ಈ ಮಾತು ನಾನು ಬಿಡುವುದಿಲ್ಲ. ಹಳೇ ಮೈಸೂರಿನ ಕಡೆ ಯಾವುದಾದರೂ ಮನೆಯಲ್ಲಿ "ನಮ್ಮವನೊಬ್ಬ ಮಲಾಯದ ಯುದ್ಧಕ್ಕೆ ಹೋದ, ವಾಪಸ್ ಬರಲೇ ಇಲ್ಲ" ಅನ್ನುವ ಮಾತು ಉಳಿದಿದ್ದರೆ, ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಕಮಿಷನ್‌ನ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಹುಡುಕಬಹುದು. ನನಗೆ ಕಳಿಸಿದರೆ ನಾನು ಹೋಗಿ ಗೋಡೆಯ ಮೇಲೆ ನೋಡಿ, ಇದ್ದರೆ ಫೋಟೊ ತೆಗೆದು ಕಳಿಸುತ್ತೇನೆ. ಕ್ರಾಂಜಿ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು, ಭಾನುವಾರ ನನಗೆ ಬಿಡುವೂ ಇರುತ್ತದೆ. ಹೆಸರಿನ ಜೊತೆ ಅವರ ತಂದೆಯ ಹೆಸರು, ಊರಿನ ಹೆಸರು ಗೊತ್ತಿದ್ದರೆ ಅದನ್ನೂ ಬರೆಯಿರಿ. ಒಂದೇ ಹೆಸರಿನವರು ಆ ಗೋಡೆಯ ಮೇಲೆ ಬಹಳ ಜನ ಇದ್ದಾರೆ.