ತಾಲ್ಲೂಕು ಕಚೇರಿ ದೊಡ್ಡದಾಗಿ ಹೈಟೆಕ್ ಆಗಬೇಕೇ?

ಪರ

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಹಳೇ ರೆಕಾರ್ಡ್ ರೂಮಿನ ಬಾಗಿಲು ತೆಗೆದರೆ ಬೂಷ್ಟಿನ ವಾಸನೆ ಮೂಗಿಗೆ ಬಡಿಯುತ್ತದೆ. ಗೋಡೆಯಲ್ಲಿ ನೀರು ಜಿನುಗುತ್ತದೆ. ಕಡತದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಬಿಡಿಸಲು ಹೋದರೆ ಅಂಚು ಪುಡಿಯಾಗುತ್ತದೆ. ಕೊಡಗಿನ ಜಮ್ಮಾ ಬಾಣೆಯ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಕ್ಕು ನಿಂತಿರುವುದು ಇಂಥ ಹಾಳೆಗಳ ಮೇಲೆ. ಒಂದು ಒಕ್ಕದ, ಅಂದರೆ ಮನೆತನದ, ಎಷ್ಟೋ ಜನರ ಪಾಲು ಅದರ ಮುಖ್ಯಸ್ಥರಾದ ಒಬ್ಬ ಪಟ್ಟೇದಾರರ ಹೆಸರಿನಡಿ ಇರುತ್ತದೆ. ಆ ಹಾಳೆಯೇ ಹೋದರೆ ಯಾರನ್ನು ಕೇಳೋಣ?

2000ದ ಹೊತ್ತಿಗೆ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರ್‌ಗೆ ಹೋಯಿತು. ಹಳೇ ಕಡತಗಳು ಕಪಾಟಿನಲ್ಲೇ ಉಳಿದವು. ಈಚೆಗೆ ಭೂ ಸುರಕ್ಷಾ ಯೋಜನೆಯಲ್ಲಿ ಅವನ್ನೂ ಸ್ಕ್ಯಾನ್ ಮಾಡುತ್ತಿದ್ದಾರೆ. ಈ ಕೆಲಸಕ್ಕೆ ಒಣ ಕೋಣೆ, ಸೋರದ ಮಾಡು, ಕೈಕೊಡದ ಕರೆಂಟು ಬೇಕಲ್ವಾ? ಮೂಲ ಕಡತ ಇಡಲೂ ಜಾಗ ಬೇಕು. ಭಾಗಮಂಡಲ, ನಾಪೋಕ್ಲು ಕಡೆಯಿಂದ ಬಸ್ಸು ಹತ್ತಿ ಬರುವ ಹಿರಿಯರಿಗೆ ನೆಲಮಹಡಿಯಲ್ಲೇ ಕೌಂಟರ್, ಟೋಕನ್, ಕೂರಲು ಜಾಗ ಸಿಗಬೇಕು. ಇಷ್ಟನ್ನೂ ಇಕ್ಕಟ್ಟಾದ ಹಳೇ ಕಟ್ಟಡದಲ್ಲಿ ತುರುಕಲು ಆಗುವುದಿಲ್ಲ.

ವಿರೋಧ

ಕಡತ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಮಾಡು ರಿಪೇರಿ ಮಾಡಿಸಿ, ತೇವ ಎಳೆಯುವ ಯಂತ್ರ ಇಡಿ. ಹಳಿ ಮೇಲೆ ಜರುಗುವ ಕಬ್ಬಿಣದ ಕಪಾಟು ಹಾಕಿದರೆ ಇರುವ ಕೋಣೆಯಲ್ಲೇ ಜಾಸ್ತಿ ಕಡತ ಹಿಡಿಯುತ್ತದೆ. ಅಷ್ಟಕ್ಕೆ ಹೊಸ ಕಟ್ಟಡ ಯಾಕೆ?

ನನ್ನ ದೊಡ್ಡ ಭಯ ಬರೆ, ಅಂದರೆ ಗುಡ್ಡದ ಇಳಿಜಾರು, ಕುಸಿಯುವುದರದ್ದು. ಮಡಿಕೇರಿಯಂಥ ಊರಲ್ಲಿ ಸಮತಟ್ಟು ಜಾಗ ಎಲ್ಲಿದೆ? ಕಟ್ಟಡ ಬೆಳೆಸುವುದೆಂದರೆ ಜೆಸಿಬಿ ತಂದು ಹಿಂದಿನ ಬರೆ ಕಡಿಯುವುದೇ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದಾಗ ಭಾರೀ ಮಳೆಯ ಜೊತೆಗೆ ಇಳಿಜಾರು ಕಡಿದದ್ದೂ ಕಾರಣ ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಹೇಳಿತ್ತು. ಮನೆ ಕಟ್ಟುವವರಿಗೆ ಬುದ್ಧಿ ಹೇಳುವ ಸರಕಾರವೇ ಬರೆ ಕಡಿದರೆ ಜನ ಯಾಕೆ ಮಾತು ಕೇಳಬೇಕು?

ಇನ್ನು ಯಂತ್ರಗಳ ವಿಷಯ. ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಹೋಗುತ್ತದೆ, ಹಿಂದೆಯೇ ನೆಟ್‌ವರ್ಕ್. ನಾಡಕಚೇರಿಯಲ್ಲಿ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎನ್ನುತ್ತಾರೆ. ಕೂಲಿ ಬಿಟ್ಟು ಬಂದವರಿಗೆ ತಾಲ್ಲೂಕು ಕಚೇರಿಯ ಗಾಜಿನ ಕೌಂಟರ್‌ನಿಂದ ಏನು ಸಿಕ್ಕಿತು? ಸರ್ವೆ ನಂಬರಿನ ಒಂದು ತುಂಡು ಮಾರಬೇಕಾದರೆ ಆ ತುಂಡಿನ ಅಳತೆ ತೋರಿಸುವ 11ಇ ನಕ್ಷೆ ಬೇಕು. ಅದಕ್ಕೆ ಸಾಮಾನ್ಯವಾಗಿ ಸರ್ವೇಯರ್ ತೋಟಕ್ಕೇ ಬಂದು ಅಳೆಯಬೇಕು. ದುಡ್ಡಿದ್ದರೆ ಮೊದಲು ಸರ್ವೇಯರ್‌ಗಳನ್ನು ಹೆಚ್ಚಿಸಿ. ಪ್ರತಿ ಹೋಬಳಿಯ ನಾಡಕಚೇರಿಗೂ ಗಟ್ಟಿ ಬ್ಯಾಟರಿ, ಎರಡು ಕಂಪನಿಗಳ ಇಂಟರ್ನೆಟ್ ಲೈನ್ ಕೊಡಿ. ತಾಲ್ಲೂಕು ಕಚೇರಿಯ ಹೊಸ ಕಟ್ಟಡ ಆಮೇಲೆ ನೋಡೋಣ.